ಕಡಲೆಬೀಜ ಆರಿಸಿದ ಎಳ್ಳು

ಮೈಸೂರು, ಜನವರಿ 4

ಪುಟ್ಟಿ,

ಮೊನ್ನೆ ಫೋನಿನಲ್ಲಿ ಎರಡು ಪ್ರಶ್ನೆ ಕೇಳಿದೆ. ಸಕ್ಕರೆ ಅಚ್ಚು ಮಾಡೋದು ಹೇಗೆ ಅನ್ನೋದು ಒಂದು. ಇನ್ನೊಂದನ್ನು ನಗುತ್ತಲೇ ಕೇಳಿದೆ, ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ: "ಹಬ್ಬದ ದಿನವೂ ಯಾಕಮ್ಮ ಬರೀತಾ ಕೂತಿರ್ತಿದ್ದೆ?" ಆಗ ಏನೋ ಹೇಳಿ ಮಾತು ಮರೆಸಿದೆ. ಬಾಯಲ್ಲಿ ಹೇಳೋದಕ್ಕಿಂತ ಬರೆಯೋದೇ ನನಗೆ ಸಲೀಸು.

ಮೊದಲು ಅಚ್ಚು. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕು. ಒಣಮರಕ್ಕೆ ಪಾಕ ಹುಯ್ದರೆ ಕಚ್ಚಿಕೊಂಡು ಕೂರುತ್ತೆ, ಗಿಣಿಯ ಕೊಕ್ಕು ಅಚ್ಚಿನಲ್ಲೇ ಉಳಿಯುತ್ತೆ. ಬೆಳಿಗ್ಗೆ ಒರೆಸಿ, ಹೋಳುಗಳನ್ನು ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ಸಾಲಾಗಿ ನಿಲ್ಲಿಸು. ಸಕ್ಕರೆಗೆ ಅದು ಮುಳುಗುವಷ್ಟು ನೀರು ಸಾಕು. ಕುದಿ ಬಂದಾಗ ಸ್ವಲ್ಪ ಹಾಲು ಹಾಕು. ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತೆ, ತೆಗೆದು, ಒದ್ದೆ ಮಾಡಿದ ತೆಳು ಪಂಚೆಯಲ್ಲಿ ಸೋಸು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಕಾಯಿಸಬೇಡ, ಅಲ್ಲೇ ಎಲ್ಲರೂ ಎಡವೋದು. ಒಂದೆರಡು ಸೌಟು ಸಣ್ಣ ಬಾಣಲೆಗೆ ಹಾಕಿಕೊಂಡು ಗಟ್ಟಿಪಾಕ ಬರಿಸಿ, ಇಳಿಸಿ, ಒಂದೇ ಸಮ ತಿರುವು. ಗಾಜಿನ ಹಾಗಿದ್ದದ್ದು ಮಬ್ಬಾಗಿ, ಬೆಳ್ಳಗಾಗಿ, ಅಂಚಿನಲ್ಲಿ ಮರಳು ಕಟ್ಟೋಕೆ ಶುರುವಾಗುತ್ತಲ್ಲ, ಆಗ ಹುಯ್ಯಬೇಕು. ಮುಂಚೆ ಹುಯ್ದರೆ ಅಂಟಂಟು. ಒಂದು ಗಳಿಗೆ ತಡವಾದರೆ ಬಾಣಲೆಯಲ್ಲೇ ಕಲ್ಲು.

ಆ ಕಲ್ಲಾದ ವರ್ಷ ನಿನಗೆ ಮರೆತಿರೋಲ್ಲ. ನಿನಗಾಗ ಒಂಬತ್ತು. ನಾನು ಸೌಟು ತಿರುವುತ್ತಾ ಇದ್ದೆ. ಮೂರು ವಾರದಿಂದ ಬಾರದ ಒಂದು ಮಾತು, ಸುಂಕದ ಕಟ್ಟೆಯಲ್ಲಿ ನನ್ನ ಕಾದಂಬರಿಯ ನಾಯಕಿ ಆಡಬೇಕಾದ ಮಾತು, ಬಾಣಲೆಯ ಮುಂದೆ ಥಟ್ಟನೆ ಬಂತು. ಕ್ಯಾಲೆಂಡರಿನ ಹಿಂದೆ ಗೀಚಿ ಬರೋಣ ಅಂತ ಹೋದವಳು ಎರಡು ಪುಟ ಬರೆದೇ ಎದ್ದದ್ದು. ಬಂದು ನೋಡಿದರೆ ಬಾಣಲೆಯಲ್ಲಿ ಸೌಟು ನೆಟ್ಟಗೆ ನಿಂತಿತ್ತು, ನೀನು ಹೊಸ ಲಂಗ ಹಾಕಿಕೊಂಡು ಬಾಗಿಲಲ್ಲಿ ಅಳುತ್ತಾ ನಿಂತಿದ್ದೆ. ಎಳ್ಳು ಬೀರೋಕೆ ಹೊರಟ ಹುಡುಗಿಯ ತಟ್ಟೆಯಲ್ಲಿ ಆನೆಯಿಲ್ಲ, ಗೋಪುರವಿಲ್ಲ. ನಿಮ್ಮಪ್ಪ ಅಂಗಡಿಗೆ ಓಡಿ ಅಚ್ಚು ತಂದರು, ಕಲ್ಲಾದದ್ದನ್ನು ಬಿಸಿನೀರಲ್ಲಿ ಕರಗಿಸಿ ವಾರವಿಡೀ ಪಾನಕ ಮಾಡಿ ಕುಡಿಸಿದರು. ನಾನು ನಿನ್ನ ಹತ್ತಿರ 'ತಪ್ಪಾಯ್ತು ಕಂದಾ' ಅಂತ ಹೇಳಿದ ನೆನಪಿಲ್ಲ. ಈಗ ಹೇಳ್ತಿದ್ದೀನಿ.

ನಿನ್ನ ಪ್ರಶ್ನೆಗೆ ನಾನು ಯಾವಾಗಲೂ ಕೊಡುತ್ತಿದ್ದ ಉತ್ತರ ಧಾರಾವಾಹಿಯದ್ದು. ವಾರಪತ್ರಿಕೆಗೆ ಹಬ್ಬ ಹುಣ್ಣಿಮೆ ಇಲ್ಲ, ಕಂತು ಹೋಗಲೇಬೇಕು. ದೀಪಾವಳಿ ವಿಶೇಷಾಂಕದ ಕತೆಯನ್ನು ಆಷಾಢದ ಗಾಳಿಯಲ್ಲಿ ಕೂತು ಬರೀಬೇಕು, ಸಂಕ್ರಾಂತಿ ಹೊತ್ತಿಗೆ ಯುಗಾದಿಯ ಬೇವು ಬೆಲ್ಲ. ಇದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ವಿಜಯನಗರದ ಪ್ರೇಮಕತೆ ಬರೆಯೋರಿಗೆಲ್ಲ ಒಬ್ಬ ದಾನಿ ಇದ್ದಾನೆ, 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್. ಮಹಾನವಮಿಯ ಮೆರವಣಿಗೆಯಲ್ಲಿ ಹೆಂಗಸರು ಮೈಮೇಲಿನ ಚಿನ್ನದ ಭಾರಕ್ಕೆ ನಡೆಯಲಾರದೆ ಪಕ್ಕದವರ ಆಸರೆ ಹಿಡಿಯುತ್ತಿದ್ದರು ಅಂತ ಬರೆದಿಟ್ಟಿದ್ದಾನೆ. ನನ್ನ ಮೊದಲ ಕಾದಂಬರಿಯಲ್ಲಿ ನಾನೂ ಅದನ್ನು ಧಾರಾಳವಾಗಿ ಬಡಿಸಿದೆ. ಈಗ ಓದಿದರೆ ಆಭರಣದ ಅಂಗಡಿಯ ಜಾಹೀರಾತಿನ ಹಾಗಿದೆ. ಅಷ್ಟೆಲ್ಲ ನೋಡಿದ ಪುಣ್ಯಾತ್ಮ ಒಂದು ಮನೆಯ ಒಲೆ ಮುಂದೆ ಕೂತವಳ ಬಗ್ಗೆ ನನಗೆ ಬೇಕಾದಷ್ಟು ಹೇಳಲಿಲ್ಲ. ಅವನನ್ನು ಅಡುಗೆಮನೆಗೆ ಯಾರು ಬಿಟ್ಟಾರು? ಅದಕ್ಕೆ ನಮ್ಮ ಹುಣಸೂರು ಕಡೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನೇ ಬೇಕಾಯಿತು. ಅದೇ ಕಾಲದವನು, ಪಾಳೆಯಗಾರ, ಅಡುಗೆಯನ್ನು ಷಟ್ಪದಿಯಲ್ಲಿ ಹೇಳಿದವನು. ಅವನ ಸೂಪಶಾಸ್ತ್ರದಲ್ಲಿ ಉದುರು ರೊಟ್ಟಿ, ಚುಚ್ಚು ರೊಟ್ಟಿ, ಮುಚ್ಚಳ ರೊಟ್ಟಿ ಅಂತೆಲ್ಲ ಹೆಸರು ಓದುತ್ತಾ ನಾನು ಊಟ ಮರೆತದ್ದುಂಟು.

ಆದರೆ ನನ್ನ ನಾಯಕಿ ಸಿಕ್ಕಿದ್ದು ಪುರಂದರದಾಸರ ಪದದಲ್ಲಿ, ಅದೂ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಾ ಗುನುಗುವಾಗ. 'ಕಲ್ಲುಸಕ್ಕರೆ ಕೊಳ್ಳಿರೋ' ಅಂತ ದೇವರ ಹೆಸರನ್ನು ಮಾರೋಕೆ ಹೊರಟ ದಾಸರು, ಇದನ್ನು ಎತ್ತಿನ ಮೇಲೆ ಹೇರಬೇಕಿಲ್ಲ, ಗೋಣಿಯಲ್ಲಿ ಒತ್ತಿ ತುಂಬಬೇಕಿಲ್ಲ, ಬಾಡಿಗೆ ಸುಂಕ ಕಟ್ಟಬೇಕಿಲ್ಲ ಅನ್ನುತ್ತಾರಲ್ಲ. ಹಾಗಾದರೆ ನಿಜವಾದ ಕಲ್ಲುಸಕ್ಕರೆಗೆ ಎತ್ತು ಬೇಕಿತ್ತು, ಗೋಣಿ ಬೇಕಿತ್ತು, ಸುಂಕದವನ ಕಾಟವಿತ್ತು! ಈಳಿಗೆಮಣೆ ಬಿಟ್ಟು ಎದ್ದೆ. ಸಕ್ಕರೆ ವ್ಯಾಪಾರಿಯ ಮಗಳು, ಸುಂಕದ ಕಟ್ಟೆಯ ಲೆಕ್ಕ ಬರೆಯುವ ಹುಡುಗ, ಹರಿದ ಗೋಣಿಯಿಂದ ಇಬ್ಬರ ನಡುವೆ ಸುರಿದ ಹರಳು, ಎಲ್ಲ ಅವತ್ತೇ ಹುಟ್ಟಿದ್ದು. ಉಳಿದ ದಿನಗಳಲ್ಲಿ ನಾನು ಪುಸ್ತಕ ನೋಡಿ ಬರೀತಿದ್ದೆ ಪುಟ್ಟಿ. ಹಬ್ಬದ ದಿನ ನನ್ನ ಕೈಯನ್ನೇ ನೋಡಿ ಬರೀತಿದ್ದೆ. ಎಳ್ಳು ಹುರಿಯುವಾಗ ಅದು ಚಟಪಟ ಅನ್ನೋ ಸದ್ದು ಆ ಹುಡುಗಿಗೂ ಕೇಳಿಸಿರಬೇಕಲ್ಲ ಅಂದರೆ ಸಾಕು, ಐನೂರು ವರ್ಷ ಪಕ್ಕದ ಕೋಣೆಯಷ್ಟು ಹತ್ತಿರ ಬಂದುಬಿಡೋದು. ಅದನ್ನು ಮಾರನೇ ದಿನಕ್ಕೆ ಎತ್ತಿಡೋಕೆ ನನಗೆ ಬರುತ್ತಿರಲಿಲ್ಲ.

ಕೈಯೂ ಒಮ್ಮೊಮ್ಮೆ ಮೋಸ ಮಾಡುತ್ತೆ ಅನ್ನು. ಆ ಹುಡುಗಿ ಸಂಕ್ರಾಂತಿಗೆ ಎಳ್ಳು ಬೀರುವ ಕಂತಿನಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ ಎಲ್ಲವನ್ನೂ ಅಭ್ಯಾಸಬಲದಿಂದ ಬೆರೆಸಿದೆ. ವಾರದೊಳಗೆ ಒಂದು ಪೋಸ್ಟ್‌ಕಾರ್ಡು. ನಿವೃತ್ತ ಮೇಷ್ಟ್ರೊಬ್ಬರು, ಮುತ್ತಿನಂಥ ಅಕ್ಷರ: ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ ತಾಯಿ, ಕೃಷ್ಣದೇವರಾಯನ ಊರಿಗೆ ಅದು ಹೇಗೆ ಬಂತು? ಮೈಸೂರುಪಾಕು ನಾಲ್ವಡಿಯವರ ಕಾಲದಲ್ಲಿ ಅರಮನೆಯ ಕಾಕಾಸುರ ಮಾದಪ್ಪ ಮಾಡಿದ್ದು ಅಂತ ನನಗೆ ಗೊತ್ತಿತ್ತು, ಮೆಣಸಿನಕಾಯಿ ಪೋರ್ಚುಗೀಸರ ಕೈಯಿಂದ ಬಂತು ಅಂತ ಗೊತ್ತಿತ್ತು, ಮನೆಯ ಎಳ್ಳಿನ ಡಬ್ಬಿಯ ಮೇಲೆ ಮಾತ್ರ ಅನುಮಾನವೇ ಬಂದಿರಲಿಲ್ಲ. ಅವತ್ತು ನೆಲದ ಮೇಲೆ ಕೂತು ತಟ್ಟೆಯಿಂದ ಕಡಲೆಬೀಜ ಒಂದೊಂದೇ ಆರಿಸಿ ತೆಗೆದೆ, ಉಳಿದದ್ದು ನೋಡೋಕೆ ಹೇಗಿರುತ್ತೆ ಅಂತ. ಆರಿಸಿದ್ದನ್ನೆಲ್ಲ ನೀನು ಪಕ್ಕದಲ್ಲಿ ಕೂತು ತಿಂದೆ.

ಅದೇ ಮೇಷ್ಟ್ರ ಭಯಕ್ಕೆ ತಾರೀಖನ್ನೂ ಲೆಕ್ಕ ಹಾಕಿಸಿದೆ. ಸಂಕ್ರಾಂತಿ ಜನವರಿ 14ಕ್ಕೆ ಅಂಟಿಕೊಂಡ ಹಬ್ಬವಲ್ಲ, ನಿಧಾನಕ್ಕೆ ಮುಂದೆ ಸರಿಯುತ್ತಾ ಬಂದಿದೆ. ವಿವೇಕಾನಂದರು ಹುಟ್ಟಿದ 1863ರ ಸಂಕ್ರಾಂತಿ ಬಿದ್ದದ್ದು ಜನವರಿ 12ಕ್ಕೆ. ನನ್ನ ನಾಯಕಿಯ ಕಾಲದ ಸಂಕ್ರಾಂತಿಯಂತೂ, ಪಾಯಸ್ ಇಟ್ಟುಕೊಂಡಿದ್ದ ಆಗಿನ ಕ್ಯಾಲೆಂಡರಿನಲ್ಲಿ, ಡಿಸೆಂಬರ್ ಕೊನೆಗೇ.

ಇದು ಮದುವೆಯಾದ ಮೇಲೆ ನಿನ್ನ ಮೊದಲ ಸಂಕ್ರಾಂತಿ. ಪುಣೆಯಲ್ಲಿ ಅವರ ತಿಳ್‌ಗುಳ್ ಇರಲಿ, ನೀನು ಎಳ್ಳಿನ ಜೊತೆ ಐದೈದು ಬಾಳೆಹಣ್ಣು ಕೊಡು. ಐದು ವರ್ಷ, ವರ್ಷವರ್ಷಕ್ಕೆ ಐದು ಹೆಚ್ಚಿಸುತ್ತಾ ಹೋಗಬೇಕು. ನಿನ್ನ ಅಪಾರ್ಟ್‌ಮೆಂಟಿನಲ್ಲಿ ಐದನೇ ವರ್ಷ ಇಪ್ಪತ್ತೈದು ಬಾಳೆಹಣ್ಣು ಯಾರು ಇಸ್ಕೋತಾರೋ ನನಗೂ ಗೊತ್ತಿಲ್ಲ. ನಿನ್ನ ಯಜಮಾನರಿಗೆ ರಬ್ಬರ್ ಬ್ಯಾಂಡ್ ಕಟ್ಟೋ ಕೆಲಸ ಕೊಡು, ನಿಮ್ಮಪ್ಪ ಮೂವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾರೆ. ಈಗಲೂ ಪಕ್ಕದಲ್ಲಿ ಕೂತು ಹಳೇ ಬ್ಯಾಂಡುಗಳನ್ನು ಎಳೆದೆಳೆದು ನೋಡ್ತಿದ್ದಾರೆ, ಯಾವುದು ತುಂಡಾಗುತ್ತೆ ಅಂತ.

ಪಾರ್ಸೆಲ್ಲಿನಲ್ಲಿ ಅಜ್ಜಿಯ ಹತ್ತು ಅಚ್ಚುಗಳಿವೆ. ಮಾಡಿದ ಅಚ್ಚು ಒಂದು ಡಬ್ಬಿ, ದಾರಿಯಲ್ಲಿ ಆನೆಯ ಸೊಂಡಿಲು ಮುರಿದಿದ್ದರೆ ಪಾನಕಕ್ಕೆ ಹಾಕು. ಎಳ್ಳು ಇನ್ನೊಂದು ಡಬ್ಬಿ. ಅದರಲ್ಲಿ ಕಡಲೆಬೀಜ ಬೆರೆಸಿಲ್ಲ. ಬೇರೆ ಪೊಟ್ಟಣ ಕಟ್ಟಿದ್ದೀನಿ, ಅದು ಬೀರೋಕಲ್ಲ, ನಿನಗೆ.

ನಿನ್ನ
ಅಮ್ಮ