ಮಗಳಿಗೊಂದು ಪತ್ರ: ಫಿಟ್ಸ್ ಡೈರಿಯಲ್ಲಿ ಮನಸ್ಸಿಗೂ ಒಂದು ಸಾಲು

ಪ್ರೀತಿಯ ಪುಟ್ಟಿ,

ನೀನು ತಗೊಳ್ಳುವ ಲೆವೆಟಿರಸಿಟಮ್ ಫಿಟ್ಸಿಗೆ ಒಳ್ಳೆಯ ಮಾತ್ರೆ. ಆದರೆ ಕೆಲವರಿಗೆ ಅದರಿಂದಲೇ ಸಿಡುಕು, ಅಳು, ಬೇಸರ ಹತ್ತಿಕೊಳ್ಳುತ್ತದೆ, ಹೆಚ್ಚಾಗಿ ಶುರುವಿನ ವಾರಗಳಲ್ಲಿ ಇಲ್ಲವೇ ಡೋಸ್ ಏರಿಸಿದಾಗ. ಬಕೆಟ್ ಜರುಗಿಸಿದ್ದಕ್ಕೆ ರೂಮಿನವಳ ಮೇಲೆ ರೇಗಿ, ಆಮೇಲೆ ಬಾತ್‌ರೂಮಿನಲ್ಲಿ ಕೂತು ಅಳುವಂತಾದರೆ 'ನನ್ನ ಗುಣವೇ ಕೆಟ್ಟುಹೋಯಿತು' ಅಂದುಕೊಳ್ಳಬೇಡ ಕಂದ. ಡೋಸ್ ಏರಿದ್ದು ಯಾವತ್ತು, ಸಿಡುಕು ಶುರುವಾದದ್ದು ಯಾವತ್ತು, ಎರಡೂ ತಾರೀಖು ಫಿಟ್ಸ್ ಡೈರಿಯಲ್ಲಿ ಬರೆದಿಡು. ಅಷ್ಟು ನೋಡಿದರೆ ಡಾಕ್ಟರಿಗೆ ಅರ್ಧ ವಿಷಯ ತಿಳಿಯುತ್ತದೆ. ಡೋಸ್ ಇಳಿಸಬೇಕೋ, ನಿಧಾನವಾಗಿ ಬೇರೆ ಮಾತ್ರೆಗೆ ಹೋಗಬೇಕೋ ಅವರು ಹೇಳಲಿ. ನೀನಾಗಿ ನಿಲ್ಲಿಸಬೇಡ. ತಟ್ಟನೆ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಅಪಾಯ. ಒಂದು ಹೊತ್ತಿನದು ಮರೆತರೆ ನೆನಪಾದ ಕೂಡಲೇ ತಗೋ. ಮುಂದಿನ ಮಾತ್ರೆಯ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡು, ಎರಡನ್ನೂ ಒಟ್ಟಿಗೆ ನುಂಗಬೇಡ.

ಎಲ್ಲ ಬೇಸರವೂ ಮಾತ್ರೆಯದಲ್ಲ. ಮೂರ್ಛೆರೋಗ ಇರುವವರಿಗೆ ಖಿನ್ನತೆ, ಆತಂಕ ಉಳಿದವರಿಗಿಂತ ಹೆಚ್ಚು. ಎಷ್ಟೋ ಸಲ ಫಿಟ್ಸ್ ಹುಟ್ಟುವ ಮಿದುಳಿನ ಭಾಗವೇ ಭಾವನೆಗಳನ್ನೂ ನಡೆಸುತ್ತದೆ. ಫಿಟ್ಸ್ ಬಂದುಹೋದ ಮೇಲೆ ಒಂದೆರಡು ದಿನ ಮಂಕು ಕವಿಯುವುದೂ ಉಂಟು, ಅದು ತಾನೇ ಇಳಿಯುತ್ತದೆ. ಎರಡು ವಾರವಾದರೂ ಬಿಡದಿದ್ದರೆ ಮನೋವೈದ್ಯರನ್ನು ನೋಡಲೇಬೇಕು. 'ಮನಸ್ಸಿನ ಮಾತ್ರೆಯಿಂದ ಫಿಟ್ಸ್ ಜಾಸ್ತಿಯಾಗುತ್ತದೆ' ಎಂಬ ಭಯದಲ್ಲಿ ಜನ ವರ್ಷಗಟ್ಟಲೆ ನರಳುತ್ತಾರೆ, ನನಗೆ ತುಂಬಾ ಸಂಕಟವಾಗುವುದು ಇದಕ್ಕೇ. ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್ ಥರದ ಖಿನ್ನತೆಯ ಮಾತ್ರೆಗಳು ಮಾಮೂಲಿ ಡೋಸಿನಲ್ಲಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಬ್ಯುಪ್ರೊಪಿಯಾನ್ ಎಂಬ ಖಿನ್ನತೆಯ ಮಾತ್ರೆಯೊಂದು ಮಾತ್ರ ಬೇಡ, ಅದು ಫಿಟ್ಸ್ ಬರಿಸಬಹುದು. ಸಾಯಬೇಕೆಂಬ ಯೋಚನೆ ಸುಳಿದರೂ ಸಾಕು, ಅಪಾಯಿಂಟ್‌ಮೆಂಟಿಗೆ ಕಾಯಬೇಡ: ನಡುರಾತ್ರಿಯಾದರೂ ನನಗೆ ಫೋನ್ ಮಾಡು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ರೂಮಿನವಳಿಗೆ ಮುಚ್ಚಿಡಬೇಡ. ಮುಚ್ಚಿಟ್ಟಷ್ಟೂ 'ಈಗ ಬಂದರೆ' ಎಂಬ ದಿಗಿಲು ಬೆಳೆಯುತ್ತದೆ, ನಿದ್ದೆ ಕೆಡುತ್ತದೆ, ಕೆಟ್ಟ ನಿದ್ದೆ ಫಿಟ್ಸನ್ನೇ ಕರೆಯುತ್ತದೆ. ಅವಳಿಗೆ ಹೀಗೆ ಹೇಳು: ಗಡಿಯಾರ ನೋಡಬೇಕು, ತಲೆಯಡಿ ದುಪಟ್ಟಾ ಮಡಚಿಡಬೇಕು, ಎಳೆತ ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಬೇಕು. ಕೈಕಾಲು ಅದುಮಿ ಹಿಡಿಯುವುದು, ಬಾಯಿಗೆ ಚಮಚ, ನೀರು, ಕೈಗೆ ಕಬ್ಬಿಣ, ಯಾವುದೂ ಬೇಡ. ಐದು ನಿಮಿಷವಾದರೂ ನಿಲ್ಲದಿದ್ದರೆ ಫಿಟ್ಸ್ ನಿಲ್ಲಿಸುವ ಮಿಡಜೋಲಮ್ ಸ್ಪ್ರೇಯನ್ನು ಡಾಕ್ಟರ್ ಬರೆದಷ್ಟು ಮೂಗಿಗೆ ಹೊಡೆದು 108ಕ್ಕೆ ಕರೆ ಮಾಡಲಿ.

ಮದುವೆಯ ಮಾತೆತ್ತಿ ಯಾರಾದರೂ ನೋಯಿಸಿದರೆ ಇದು ನೆನಪಿರಲಿ: ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದಿದ್ದ ಮೂರ್ಛೆರೋಗದ ಹೆಸರನ್ನು 1999ರಲ್ಲೇ ತೆಗೆದುಹಾಕಿದ್ದಾರೆ.

ಮುಂದಿನ ಸಲ ಒಪಿಡಿಗೆ ಡೈರಿ ತಗೊಂಡು ಹೋಗು. ಫಿಟ್ಸ್ ಎಷ್ಟು ಸಲ ಬಂತೆಂದು ಡಾಕ್ಟರೇ ಕೇಳುತ್ತಾರೆ. ಮನಸ್ಸು ಹೇಗಿದೆಯೆಂದು ನೀನೇ ಬಾಯಿಬಿಟ್ಟು ಹೇಳಬೇಕು.

ನಿನ್ನ ಅಮ್ಮ