ಸ್ಕೋರಿನ ಒಂದು ಸಾಲು ಸಾಲದು

ಮಾನ್ಯ ಸಂಪಾದಕರೇ,

18 ವರ್ಷದೊಳಗಿನ ಮಹಿಳೆಯರ ವಿಶ್ವ ಐಸ್ ಹಾಕಿ ಚಾಂಪಿಯನ್‌ಷಿಪ್ 2008ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಶುರುವಾಯಿತು. ಕನ್ನಡದ ಕ್ರೀಡಾಪುಟಗಳಲ್ಲಿ ಅದರ ಸುದ್ದಿ ಬಂದರೆ ಮೂಲೆಯಲ್ಲಿ ಒಂದು ಸಾಲು; ಅಂತರ ದೊಡ್ಡದಿದ್ದರೆ ಮೇಲೆ ‘ಹೀನಾಯ ಸೋಲು’ ಎಂಬ ತಲೆಬರಹ. ಆಡುವವರು ಹೆಚ್ಚಾಗಿ 15ರಿಂದ 17ರ ಹುಡುಗಿಯರು. ಅವರ ಆಟಕ್ಕೆ ಆ ಪದ ಸಲ್ಲದು. ಬರೀ ಗೋಲುಗಳ ಲೆಕ್ಕ ಓದುಗರನ್ನು ದಾರಿ ತಪ್ಪಿಸುತ್ತದೆ ಎಂಬುದೂ ನಿಜ.

2023ರ ಟೂರ್ನಿಯನ್ನೇ ನೋಡಿ. ಸ್ವೀಡನ್‌ನ ಓಸ್ಟರ್‌ಸುಂಡ್‌ನಲ್ಲಿ ಆತಿಥೇಯ ತಂಡ ಫೈನಲ್‌ನಲ್ಲಿ ಕೆನಡಾ ಎದುರು 10–0ರಿಂದ ಸೋತಿತು. ಅದೇ ತಂಡ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 2–1ರಿಂದ ಮಣಿಸಿತ್ತು. ಮರುವರ್ಷ ಸ್ವಿಟ್ಜರ್ಲೆಂಡ್‌ನ ಝುಗ್‌ನಲ್ಲಿ ಜೆಕ್ ಹುಡುಗಿಯರು ಸೆಮಿಫೈನಲ್‌ನಲ್ಲಿ ಕೆನಡಾವನ್ನೇ ಹೊರಗಟ್ಟಿದರು, ಫೈನಲ್‌ನಲ್ಲಿ ಅಮೆರಿಕಕ್ಕೆ 5–1ರಿಂದ ಸೋತರು. ಕೊನೆಯ ಅಂಕಿಯನ್ನಷ್ಟೇ ಅಚ್ಚು ಹಾಕಿದರೆ ಆ ಎರಡು ಸೆಮಿಫೈನಲ್‌ಗಳೂ ಕಣ್ಣಿಗೆ ಬೀಳುವುದಿಲ್ಲ.

ಗೋಲು ಯಾವ ಅವಧಿಯಲ್ಲಿ ಬಂತು ಎಂಬುದು ಬಹಳ ಹೇಳುತ್ತದೆ. ಪಂದ್ಯ 20 ನಿಮಿಷಗಳ ಮೂರು ಅವಧಿಗಳದ್ದು. ಐದೈದು ಮಂದಿಯ ಗುಂಪು ಸುಮಾರು 45 ಸೆಕೆಂಡ್ ಓಡಿ ಬೆಂಚಿಗೆ ಮರಳುತ್ತದೆ, ಇನ್ನೊಂದು ಗುಂಪು ಇಳಿಯುತ್ತದೆ. ಮೊದಲ ಮತ್ತು ಮೂರನೇ ಅವಧಿಯಲ್ಲಿ ತಾವು ಕಾಯುವ ಗೋಲು ಬೆಂಚಿಗೆ ಹತ್ತಿರ. ಎರಡನೆಯದರಲ್ಲಿ ತುದಿ ಬದಲಾಗುತ್ತದೆ, ಬೆಂಚು ದೂರವಾಗುತ್ತದೆ. ಎದುರಾಳಿ ಪಕ್ಕನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯನ್ನು) ಹೊರಬಿಡದೆ ಮುತ್ತಿಗೆ ಹಾಕಿದರೆ ದಣಿದವರು ಬೆಂಚಿನವರೆಗೆ ಬರಲಾರರು. ಒಂದೂವರೆ ನಿಮಿಷ ಅಲ್ಲೇ ಸಿಕ್ಕಿಬೀಳುತ್ತಾರೆ. ಉಸಿರು ಬಿಡಲು ಪಕ್ಕನ್ನು ತಮ್ಮ ಅರ್ಧದಿಂದ ಆಚೆ ತುದಿಯ ಗೆರೆ ದಾಟುವಂತೆ ಹೊಡೆದರೆ ಅದು ಐಸಿಂಗ್: ಪಕ್ ಮತ್ತೆ ತಮ್ಮ ಗೋಲಿನ ಮುಂದಕ್ಕೇ ಬರುತ್ತದೆ, ಆ ಐವರನ್ನು ಬದಲಿಸುವಂತೆಯೂ ಇಲ್ಲ. ನಾಲ್ಕು ಗುಂಪುಗಳನ್ನೂ ನಂಬಿ ಇಳಿಸಬಲ್ಲ ದೇಶ ಇದನ್ನು ತಡೆದುಕೊಳ್ಳುತ್ತದೆ. ಎರಡು ಗುಂಪುಗಳ ಮೇಲೇ ನಿಂತ ತಂಡ ಇಲ್ಲೇ ಕುಸಿಯುತ್ತದೆ. 0–1, 0–5, 0–1 ಎಂದು ಬಿಡಿಸಿ ಬರೆದರೆ 0–7ರ ಒಳಗಿನ ಕಥೆ ತಾನಾಗಿ ಕಾಣುತ್ತದೆ.

ಬರೆಯಬೇಕಾದ ಎರಡನೆಯ ವಿಷಯ ಗೋಲಿನತ್ತ ಬಿದ್ದ ಹೊಡೆತಗಳು. ಗೋಲ್‌ಕೀಪರ್ ತಡೆಯದಿದ್ದರೆ ಒಳಗೆ ಹೋಗುತ್ತಿದ್ದವು ಮತ್ತು ಒಳಗೆ ಹೋದವು ಮಾತ್ರ ಈ ಲೆಕ್ಕಕ್ಕೆ. ಕಂಬಕ್ಕೆ ಬಡಿದು ಹೊರಬಿದ್ದದ್ದು ಸೇರುವುದಿಲ್ಲ. 50 ಹೊಡೆತಗಳಲ್ಲಿ 45 ತಡೆದ ಹುಡುಗಿಯ ತಂಡ 0–5ರಿಂದ ಸೋತಿರುತ್ತದೆ, ಆದರೆ ಅವಳು ನೂರಕ್ಕೆ 90ರಷ್ಟು ತಡೆದಿದ್ದಾಳೆ. ಆ ದಿನ ಅಂಕಣದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವಳು ಅವಳೇ ಇರಬಹುದು, ಹೆಸರು ಮಾತ್ರ ಎಲ್ಲೂ ಬರುವುದಿಲ್ಲ.

ಶೂಟೌಟ್ (ಪಂದ್ಯ ಸಮವಾಗಿ ಉಳಿದಾಗ ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಹೊಡೆಯುವುದು) ವಿಷಯದಲ್ಲಂತೂ ತಪ್ಪು ಆಗುತ್ತಲೇ ಇರುತ್ತದೆ. ಶೂಟೌಟ್‌ನಲ್ಲಿ ಎಷ್ಟೇ ಗೋಲು ಬಿದ್ದರೂ ಗೆದ್ದವರ ಖಾತೆಗೆ ಸೇರುವುದು ಒಂದೇ. 2–2 ಆಗಿದ್ದ ಪಂದ್ಯ 3–2 ಎಂದು ದಾಖಲಾಗುತ್ತದೆ. ಗುಂಪು ಹಂತದಲ್ಲಿ 60 ನಿಮಿಷದೊಳಗೆ ಗೆದ್ದರೆ 3 ಅಂಕ. ಹೆಚ್ಚುವರಿ ಸಮಯದಲ್ಲೋ ಶೂಟೌಟ್‌ನಲ್ಲೋ ಗೆದ್ದರೆ 2, ಸೋತವರಿಗೂ 1. ‘ಶೂಟೌಟ್’ ಎಂಬ ಪದ ಬಿಟ್ಟುಹೋದರೆ ಕೆಳಗಿನ ಅಂಕಪಟ್ಟಿ ಓದುಗರ ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಕೊನೆಯ ನಿಮಿಷದಲ್ಲಿ ಹಿಂದಿರುವ ತಂಡ ಗೋಲ್‌ಕೀಪರನ್ನು ಹೊರಕರೆದು ಆರನೆಯ ಆಟಗಾರ್ತಿಯನ್ನು ಇಳಿಸಿದಾಗ ಖಾಲಿ ಗೋಲಿಗೆ ಬೀಳುವ ಪಕ್ಕನ್ನೂ ಗುರುತಿಸಬೇಕು. ಅಂಥ 4–2 ನಿಜಕ್ಕೂ ಒಂದು ಗೋಲಿನ ಅಂತರದ ಪಂದ್ಯ.

ಎರಡು ತಂಡಗಳ ಅಂಕ ಸಮವಾದರೆ ಮೊದಲು ನೋಡುವುದು ಅವೆರಡರ ನಡುವಿನ ಪಂದ್ಯವನ್ನು. ದುರ್ಬಲ ತಂಡಕ್ಕೆ ಹನ್ನೆರಡು ಗೋಲು ಹೊಡೆದದ್ದು ಅಲ್ಲಿ ನೆರವಿಗೆ ಬಾರದು. ಹಾಗಾಗಿ ‘ಗೋಲುಗಳ ಸುರಿಮಳೆ’ಯಿಂದ ಮುನ್ನಡೆ ಎಂದು ಬರೆಯುವ ಮುನ್ನ ಒಮ್ಮೆ ನೋಡಿಕೊಳ್ಳಿ. ಮೇಲಿನ ಹಂತದಲ್ಲಿರುವುದು ಎಂಟೇ ತಂಡ. ಕೊನೆಯದು ಕೆಳಗಿನ ವಿಭಾಗಕ್ಕೆ ಇಳಿಯುತ್ತದೆ. ಪದಕವಿಲ್ಲದ ಆ ಕೆಳತುದಿಯ ಪಂದ್ಯಗಳಿಗೂ ಜಾಗ ಕೊಡಿ. ಒಂದು ದೇಶದ ಹುಡುಗಿಯರು ಮುಂದಿನ ವರ್ಷ ಯಾರ ಜೊತೆ ಆಡುತ್ತಾರೆ ಎಂಬುದು ತೀರ್ಮಾನವಾಗುವುದು ಅಲ್ಲಿ.

ಇನ್ನೊಂದು: ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಮೈಯಿಂದ ಗುದ್ದಿ ಕೆಡವುವುದಕ್ಕೆ ಶಿಕ್ಷೆಯಿದೆ. ಪಕ್‌ಗಾಗಿ ಸೆಣಸುವಾಗ ಮೈ ತಾಕಬಹುದು, ಆಳನ್ನೇ ಗುರಿಮಾಡುವಂತಿಲ್ಲ. ಪುರುಷರ ಪಂದ್ಯದ ವರದಿಯ ಪದಗಳನ್ನು ಹಾಗೇ ಎತ್ತಿ ಹಾಕಬಾರದು.

ಇದಕ್ಕೆ ಹೆಚ್ಚಿನ ಜಾಗ ಬೇಕಿಲ್ಲ. ‘3–2 (1–0, 0–1, 1–1, ಶೂಟೌಟ್ 1–0), ಹೊಡೆತ 24–41’ ಎಂದು ಬರೆದು, ಇಬ್ಬರೂ ಗೋಲ್‌ಕೀಪರ್‌ಗಳ ಹೆಸರು ಸೇರಿಸಿದರೆ ಎರಡು ಸಾಲು. ಮುಂದಿನ ಟೂರ್ನಿಯಿಂದಲೇ ಹೀಗೆ ಪ್ರಕಟಿಸಬೇಕೆಂದು ಕೋರುತ್ತೇವೆ.

— ಐಸ್ ಹಾಕಿ ಆಸಕ್ತರು