ಭೋಪಾಲಿನ 60 ಶಾಟ್‌ಗಳು, ಮತ್ತು ನಾನು ಋಣಿಯಾಗಿರುವವರು

ನಿನ್ನೆ ರಾತ್ರಿ ಭೋಪಾಲಿನಿಂದ ಚಿಕ್ಕಬಳ್ಳಾಪುರಕ್ಕೆ ವಾಪಸ್ ಬಂದೆ. ನ್ಯಾಷನಲ್ಸ್ ಅಂದರೆ ರಾಷ್ಟ್ರೀಯ ಶೂಟಿಂಗ್ ಪಂದ್ಯಾವಳಿ, 10 ಮೀಟರ್ ಏರ್ ರೈಫಲ್, 60 ಶಾಟ್, ಒಟ್ಟು 612.4. ಪದಕದ ಹತ್ತಿರಕ್ಕೂ ಹೋಗುವ ಅಂಕ ಅಲ್ಲ. ಆದರೆ ಎರಡು ವರ್ಷದ ಹಿಂದೆ ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗದಿದ್ದ ನನಗೆ ಇದು ತುಂಬಾ ದೊಡ್ಡದು. ಇದಕ್ಕೆ ಕಾರಣರಾದವರಿಗೆಲ್ಲ ಇಲ್ಲಿ ಧನ್ಯವಾದ ಹೇಳಬೇಕು.

ಮೊದಲು ನಾನು ಹುಟ್ಟುವ ಮುಂಚೆಯೇ ಹೋಗಿಬಿಟ್ಟ ಒಬ್ಬರಿಗೆ. ಜಿ.ವಿ. ಮಾವಳಂಕರ್ ಲೋಕಸಭೆಯ ಮೊದಲ ಸ್ಪೀಕರ್ ಅಂತ ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಅದೇ ಮಾವಳಂಕರ್ 1951ರಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆಫ್ ಇಂಡಿಯಾ ಶುರು ಮಾಡಿದರು, ಅದರ ಮೊದಲ ಅಧ್ಯಕ್ಷರೂ ಅವರೇ ಅನ್ನೋದು ನನಗೆ ಗೊತ್ತಾಗಿದ್ದು ರೇಂಜಿಗೆ ಕಾಲಿಟ್ಟ ಮೇಲೆ. ಈಗಲೂ ಅವರ ಹೆಸರಿನಲ್ಲಿ ಅಖಿಲ ಭಾರತ ಪಂದ್ಯಾವಳಿ ನಡೆಯುತ್ತದೆ. ನಾವು ಶೂಟರ್‌ಗಳು ಅದನ್ನು ಸುಮ್ನೆ 'ಮಾವಳಂಕರ್' ಅಂತೀವಿ. ರಾಜ್ಯ ಮಟ್ಟದಲ್ಲಿ ಅಂಕ ಬರಬೇಕು, ಮಾವಳಂಕರ್‌ನಲ್ಲಿ ಬರಬೇಕು, ಆಮೇಲೆ ನ್ಯಾಷನಲ್ಸ್. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದವಳು ನಾನು. ನೀನು ಯಾರ ಮನೆಯವಳು ಅಂತ ಯಾರೂ ಕೇಳಲಿಲ್ಲ. ಬೋರ್ಡಿನ ಮೇಲಿನ ಅಂಕ ಒಂದನ್ನೇ ನೋಡಿದರು.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಈ ಆಟದಲ್ಲಿ ನಮ್ಮ ದೇಶದ ಮೊದಮೊದಲ ದೊಡ್ಡ ಹೆಸರುಗಳು ಅರಮನೆಯವು. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟ್ರ್ಯಾಪ್ (ಹಾರುವ ತಟ್ಟೆಗೆ ಗುರಿಯಿಡುವ ಆಟ) ಬೆಳ್ಳಿ ಗೆದ್ದರು, ಐದು ಒಲಿಂಪಿಕ್ಸ್ ಆಡಿದರು. 1982ರ ಏಷ್ಯನ್ ಗೇಮ್ಸ್‌ಗಾಗಿ ದಿಲ್ಲಿಯ ತುಘಲಕಾಬಾದಿನಲ್ಲಿ ಕಟ್ಟಿದ ರೇಂಜಿಗೆ ಈಗ ಅವರದೇ ಹೆಸರು. ಅವರ ಸಾಧನೆಗೆ ಕೈಮುಗಿಯುತ್ತೇನೆ. ಆದರೆ ಬಂದೂಕು ಇರುವ ಮನೆಯಲ್ಲಿ ಹುಟ್ಟದವರಿಗೂ ಬಾಗಿಲು ತೆರೆಯಿತಲ್ಲ, ನನಗೆ ಅದು ಇನ್ನೂ ದೊಡ್ಡದು. ನಮ್ಮಪ್ಪ ರೇಷ್ಮೆಗೂಡಿನ ವ್ಯಾಪಾರಿ. ಮನೆಯಲ್ಲಿ ಇದ್ದ ಬಂದೂಕು ಅಂದರೆ ದೀಪಾವಳಿಯ ರೋಲ್ ಕೇಪಿನದು.

ನನ್ನನ್ನು ಈ ಕಡೆ ಎಳೆದವರು ಶೂಟರ್ ಸುಮಾ ಶಿರೂರ್. ಅವರು ನಮ್ಮ ಚಿಕ್ಕಬಳ್ಳಾಪುರದಲ್ಲೇ ಹುಟ್ಟಿದವರು. 2004ರಲ್ಲಿ ಕ್ವಾಲಾಲಂಪುರದಲ್ಲಿ 400ಕ್ಕೆ 400 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ಆಗ ಹೆಂಗಸರಿಗೆ 40 ಶಾಟ್. ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ನಲವತ್ತು ಸಲವೂ ಅದೇ ಚುಕ್ಕೆ! ಇವತ್ತಿಗೂ ಆ ಅಂಕ ನೆನೆದರೆ ಮೈ ಜುಮ್ಮೆನ್ನುತ್ತದೆ. ಮೇಡಂ, ನಿಮಗೆ ನಾನು ಯಾರೆಂದು ಗೊತ್ತಿಲ್ಲ. ನನ್ನ ಬೀರುವಿನ ಒಳಬಾಗಿಲಿಗೆ ನಿಮ್ಮ ಫೋಟೊ ಅಂಟಿಸಿ ಹದಿನೈದು ವರ್ಷವಾಯಿತು.

ಸೊಂಟದ ಕಥೆ ಜಾಸ್ತಿ ಬೆಳೆಸುವುದಿಲ್ಲ. ರೈಫಲ್ ಹಿಡಿದು ನಿಲ್ಲುವಾಗ ಬೆನ್ನು ಹಿಂದಕ್ಕೆ ಬಾಗಿ ಒಂದು ಕಡೆ ತಿರುಗಿರುತ್ತದೆ. ವರ್ಷಗಟ್ಟಲೆ ಹಾಗೇ ನಿಂತು ಡಿಸ್ಕ್ ಜಾರಿತು. ಶೂಟಿಂಗ್ ಮರೆತುಬಿಡಿ ಅಂದರು ಒಬ್ಬ ಡಾಕ್ಟರು. ಏಳು ತಿಂಗಳು ರೈಫಲ್ ಪೆಟ್ಟಿಗೆ ತೆಗೆಯಲಿಲ್ಲ. ಫಿಸಿಯೋಥೆರಪಿ ಅಕ್ಕ ಮಾತ್ರ, "ಮೊದಲು ಹತ್ತು ನಿಮಿಷ ನಿಲ್ಲು, ಆಮೇಲೆ ನೋಡೋಣ" ಅಂದರು. ಹತ್ತು ನಿಮಿಷ ಇಪ್ಪತ್ತಾಯಿತು. ಪೆಲೆಟ್ ಅಂದರೆ ಗುಂಡು ಇಲ್ಲದೆ, ಗೋಡೆಗೆ ಕಪ್ಪು ಚುಕ್ಕೆ ಅಂಟಿಸಿ ಡ್ರೈ ಫೈರ್ ಶುರು ಮಾಡಿದೆ. ಅಕ್ಕಾ, ನಿಮ್ಮ ಋಣ ಹೇಗೆ ತೀರಿಸಲಿ?

ರೈಫಲ್ ಪೆಟ್ಟಿಗೆ ಇನ್ನೂ ಮುಚ್ಚಿಟ್ಟಿದ್ದ ದಿನಗಳಲ್ಲೇ ಪ್ಯಾರಿಸ್ ಒಲಿಂಪಿಕ್ಸ್ ಬಂದಿತ್ತು. ರಿಯೋದಲ್ಲಿ ನಮ್ಮ ಶೂಟರ್‌ಗಳಿಗೆ ಒಂದೂ ಪದಕ ಇರಲಿಲ್ಲ, ಟೋಕಿಯೋದಲ್ಲೂ ಇಲ್ಲ. ಬೀಜಿಂಗಿನಲ್ಲಿ ಕೊನೆಯ ಶಾಟ್ 10.8 ಹೊಡೆದು ಚಿನ್ನ ತಂದ ಅಭಿನವ್ ಬಿಂದ್ರಾ ಅವರನ್ನೇ ಕರೆದು, ರಿಯೋದಲ್ಲಿ ಎಲ್ಲಿ ತಪ್ಪಿತು ಹೇಳಿ ಅಂತ ರೈಫಲ್ ಅಸೋಸಿಯೇಷನ್ ಸಮಿತಿ ಮಾಡಿತ್ತು. ಅವರು ಮುಲಾಜಿಲ್ಲದೆ ತಪ್ಪುಗಳನ್ನು ಬರೆದುಕೊಟ್ಟರು. ಹಾಗೆ ಕೇಳಿಸಿಕೊಳ್ಳೋದು ಸುಲಭ ಅಲ್ಲ, ಅಲ್ವಾ? ಪ್ಯಾರಿಸ್‌ನಲ್ಲಿ ಮೂರು ಕಂಚು ಬಂತು. ಸ್ವಪ್ನಿಲ್ ಕುಸಾಳೆ ಮೊಣಕಾಲೂರಿ, ಮಲಗಿ, ಕೊನೆಗೆ ನಿಂತು 50 ಮೀಟರ್ ರೈಫಲ್‌ನಲ್ಲಿ ಮೂರನೆಯವರಾದಾಗ ನಾನು ಹಾಸಿಗೆಯಲ್ಲಿ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಅಳುತ್ತಿದ್ದೆ. ಮಾರನೇ ದಿನ ರೈಫಲ್ ಪೆಟ್ಟಿಗೆ ತೆಗೆದೆ.

ನಮ್ಮ ಕೋಚ್ ಸರ್, ಎರಡು ವರ್ಷ ನನ್ನಿಂದ ಫೀಸ್ ತಗೊಳ್ಳಲಿಲ್ಲ ನೀವು. ಅಂಕ ಕೇಳದೆ "ಉಸಿರು ಹೇಗಿತ್ತು" ಅಂತ ಕೇಳಿದಿರಿ. ಬೆಂಗಳೂರಿಗೆ ಬೆಳಿಗ್ಗೆ ಐದರ ಬಸ್ಸಿನಲ್ಲಿ ಆ ಉದ್ದನೆಯ ಪೆಟ್ಟಿಗೆಗೆ ಜಾಗ ಮಾಡಿಕೊಡುತ್ತಿದ್ದ ಕಂಡಕ್ಟರ್ ಅಣ್ಣ, ನನ್ನ ಕ್ಲಾಸುಗಳನ್ನು ತಾವು ತೆಗೆದುಕೊಂಡ ಗಣಿತದ ಮೇಷ್ಟ್ರು, ರೇಂಜಿನಲ್ಲಿ ದಿನವೂ ಬೇಗ ಬಂದು ಟಾರ್ಗೆಟ್ ಸರಿಮಾಡುವ ತಾತ, ನಿಮಗೆಲ್ಲ ನಮಸ್ಕಾರ. ಅಮ್ಮ, ಗೋಡೆಯ ಆ ಕಪ್ಪು ಚುಕ್ಕೆಯನ್ನು ಹಬ್ಬಕ್ಕೆ ಸುಣ್ಣ ಹೊಡೆಸುವಾಗಲೂ ಅಳಿಸಲು ಬಿಡಲಿಲ್ಲ ನೀನು.

ನನ್ನ ಹಳೇ ಶೂಟಿಂಗ್ ಜಾಕೆಟ್ ಬಿಗಿಯಾಗುತ್ತಿತ್ತು. ಕ್ಲಬ್ಬಿನ ಹದಿನಾರರ ಹುಡುಗಿ ತನ್ನದನ್ನೇ ಬಿಚ್ಚಿಕೊಟ್ಟಳು. ಭೋಪಾಲಿನಲ್ಲಿ ಹಾಕಿಕೊಂಡಿದ್ದು ಅದೇ. ಪುಟ್ಟಿ, ಮುಂದಿನ ತಿಂಗಳು ನಿನ್ನ ರಾಜ್ಯ ಪಂದ್ಯ ಇದೆ. ಜಾಕೆಟ್ ಬಿಸಿಲಿಗೆ ಹಾಕಿದ್ದೇನೆ, ಭಾನುವಾರ ತಂದುಕೊಡುತ್ತೇನೆ.